ಟೇಕ್ ಆಫ್, ರನ್ ಔಟ್, ಪುಟ್ ಅಪ್ ವಿತ್: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು ಸ್ಪ್ಯಾನಿಷಿನಲ್ಲಿ ಹೇಳುವುದು ಹೇಗೆ?

ನಾಪೋಕ್ಲು_ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟದ ಮನೆಯಲ್ಲಿ ಕೆಲವು ಕೋಣೆಗಳನ್ನು ಹೋಂಸ್ಟೇಗೆಂದು ಬಿಟ್ಟಿದ್ದೇವೆ. ಸ್ಪೇನ್, ಮೆಕ್ಸಿಕೊ, ಕೊಲಂಬಿಯಾ ಕಡೆಯ ಅತಿಥಿಗಳೂ ಆಗಾಗ ಬರುವುದರಿಂದ, ಮಳೆಗಾಲದಲ್ಲಿ ಕೋಣೆಗಳು ಖಾಲಿ ಇರುವಾಗ ಸ್ಪ್ಯಾನಿಷ್ ಕಲಿಯಲು ತೊಡಗಿದ್ದೇನೆ. ಉಚ್ಚಾರಣೆ ಕಷ್ಟವೆನಿಸಲಿಲ್ಲ; ಅವರ ತ, ದ ಎರಡೂ ನಮ್ಮವುಗಳಂತೆಯೇ ಹಲ್ಲಿಗೆ ತಾಗಿ ಹೊರಡುತ್ತವೆ. ತೊಡಕಾಗಿರುವುದು ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳಿಂದ, ಅಂದರೆ ಆಫ್, ಔಟ್, ಅಪ್ ಮೊದಲಾದ ಪುಟ್ಟ ಪದ ಸೇರಿ ಅರ್ಥ ಬದಲಾಗುವ ಕ್ರಿಯಾಪದಗಳಿಂದ. ನನ್ನ ಬಳಿ ಇರುವುದು ಇಂಗ್ಲಿಷ್–ಸ್ಪ್ಯಾನಿಷ್ ನಿಘಂಟು. ಅದರಲ್ಲಿ 'ಟೇಕ್ ಆಫ್' ಎಂದು ಹುಡುಕಿದರೆ ವಿಮಾನಕ್ಕೆ 'ದೆಸ್ಪೆಗಾರ್', ಬಟ್ಟೆಬರೆಗೆ 'ಕಿತಾರ್ಸೆ', ಬೆಲೆ ಇಳಿಸುವುದಕ್ಕೆ 'ದೆಸ್ಕೊಂತಾರ್', ಹೊರಟುಹೋಗುವುದಕ್ಕೆ 'ಇರ್ಸೆ' ಎಂದು ಬೇರೆ ಬೇರೆ ಪದಗಳನ್ನು ಕೊಟ್ಟಿದ್ದಾರೆ. ಇವುಗಳಲ್ಲಿ 'ಟೇಕ್' ಎಲ್ಲಿದೆ, 'ಆಫ್' ಎಲ್ಲಿದೆ ಎಂದು ನೋಡಿದರೆ ಎರಡೂ ಕಾಣುವುದಿಲ್ಲ.

ನನಗೆ ದಿನನಿತ್ಯ ಬೇಕಾಗುವ ಮಾತುಗಳು ಇವು: ಚಪ್ಪಲಿಗಳನ್ನು ಹೊರಗೆ ಬಿಡಿ, ಕರೆಂಟು ಹೋಗಿದೆ, ಹಾಲು ಮುಗಿದಿದೆ, ಮಡಿಕೇರಿ ಬಸ್ ನಿಲ್ದಾಣಕ್ಕೆ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇನೆ, ಜಿಗಣೆಗಳಿವೆ, ಜೋಪಾನ. ಇಂಗ್ಲಿಷಿನಲ್ಲಿ ಹೇಳುವಾಗ ಈ ಐದರಲ್ಲೂ ಕ್ರಿಯಾಪದದ ಹಿಂದೆ ಆಫ್, ಔಟ್, ಅಪ್ ಇವುಗಳಲ್ಲಿ ಒಂದು ಬಂದೇ ಬರುತ್ತದೆ. ಫ್ರೇಸಲ್ ವರ್ಬ್‌ಗಳನ್ನು ಒಂದು ಕಡೆ, ಸ್ಪ್ಯಾನಿಷ್ ಪದಗಳನ್ನು ಇನ್ನೊಂದು ಕಡೆ ಬರೆದಿಟ್ಟುಕೊಂಡು ಬಾಯಿಪಾಠ ಮಾಡುವುದರ ಹೊರತು ಬೇರೆ ದಾರಿ ಇದೆಯೇ?

ವಿರಾಜಪೇಟೆ_ಮೇಷ್ಟ್ರು

ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಸ್ಪ್ಯಾನಿಷನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಮಾತನಾಡುವ ಅಭ್ಯಾಸ ಕಡಿಮೆ. ಆದ್ದರಿಂದ ಇಂಗ್ಲಿಷಿನ ಕಡೆಯಿಂದ ಒಂದೆರಡು ವಿಷಯಗಳನ್ನು ತಿಳಿಸುತ್ತೇನೆ.

ಈ ಕ್ರಿಯಾಪದಗಳು ಪರದೇಶದವರನ್ನು ಕಾಡುತ್ತಿರುವುದು ಇಂದು ನಿನ್ನೆಯಿಂದಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದದ ಹಿಂದೆ ಪುಟ್ಟ ಪದವೊಂದನ್ನು ಸೇರಿಸಿ ಅರ್ಥವನ್ನು ಬದಲಿಸುವ ಈ ಪದ್ಧತಿ ಹೊರಗಿನವರಿಗೆ ಅತ್ಯಂತ ಕಠಿಣವೆಂದು ಗುರುತಿಸಿದ್ದಾರೆ. 'ಫ್ರೇಸಲ್ ವರ್ಬ್' ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, 1925ರ ಸುಮಾರಿಗೆ.

ಇವೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. 'ಗೋ ಔಟ್', 'ಸಿಟ್ ಡೌನ್' ಮೊದಲಾದವುಗಳಲ್ಲಿ ಔಟ್, ಡೌನ್ ಎಂಬುವು ದಿಕ್ಕನ್ನಷ್ಟೇ ಹೇಳುತ್ತವೆ. 'ಈಟ್ ಅಪ್', 'ಡ್ರೈ ಔಟ್' ಎಂಬಲ್ಲಿ ಅಪ್, ಔಟ್‌ಗಳಿಗೆ ದಿಕ್ಕಿನ ಅರ್ಥವೇ ಇಲ್ಲ. ಕೆಲಸ ಪೂರ್ತಿಯಾಯಿತು ಎಂಬ ಅರ್ಥವಿದೆ. 'ಪುಟ್ ಅಪ್ ವಿತ್', 'ಗಿವ್ ಅಪ್' ಎಂಬುವುಗಳ ಬಿಡಿ ಪದಗಳನ್ನು ಎಷ್ಟು ಹಿಂಜಿದರೂ ಸಹಿಸು, ಬಿಟ್ಟುಕೊಡು ಎಂಬ ಅರ್ಥಗಳು ಹೊರಡುವುದಿಲ್ಲ. ಪಟ್ಟಿ ಮಾಡುವುದೇ ಆದರೆ ಟೇಕ್, ಪುಟ್, ಗೆಟ್ ಎಂದು ಕ್ರಿಯಾಪದಗಳ ಪ್ರಕಾರ ಮಾಡಬೇಡಿ, ಅಪ್, ಔಟ್, ಆಫ್‌ಗಳ ಪ್ರಕಾರ ಮಾಡಿ. ಮೊದಲ ಎರಡು ಬಗೆಗಳಲ್ಲಾದರೂ ಅರ್ಥದ ಎಳೆ ಕೈಗೆ ಸಿಗುತ್ತದೆ.

ಕುಶಾಲನಗರ_ಅನುವಾದಕಿ

ಮೇಷ್ಟ್ರ ವಿಂಗಡಣೆಯನ್ನು ಒಪ್ಪುತ್ತೇನೆ, ಪಟ್ಟಿಯ ಸಲಹೆಯನ್ನು ಒಪ್ಪಲಾರೆ. ಹೋಂಸ್ಟೇ ಅಕ್ಕನವರು ತಮಗೆ ಬೇಕಾದ ಐದು ಮಾತುಗಳನ್ನು ಕನ್ನಡದಲ್ಲಿಯೇ ಬರೆದಿದ್ದಾರೆ, ಆ ಕನ್ನಡದಲ್ಲಿ ಯಾವ ತೊಡಕೂ ಇಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿ ಹುಟ್ಟಿದ ಆಫ್, ಔಟ್‌ಗಳನ್ನು ಸ್ಪ್ಯಾನಿಷಿನಲ್ಲಿ ಹುಡುಕಲು ಹೊರಟಾಗ ತೊಡಕು ಶುರುವಾಗಿದೆ. ನಡುವಿನ ಇಂಗ್ಲಿಷನ್ನು ಕೈಬಿಟ್ಟರೆ ಅರ್ಧಕ್ಕರ್ಧ ಕೆಲಸ ಹಗುರವಾಗುತ್ತದೆ ಎಂಬುದು, ಈ ಎರಡು ಭಾಷೆಗಳ ನಡುವೆ ಓಡಾಡಿಕೊಂಡಿರುವ ನನ್ನ ಅನುಭವ.

ಇದಕ್ಕೆ ಕಾರಣವೂ ಇದೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರಲ್ಲಿ ಪ್ರಕಟಿಸಿದ ಬರಹದಲ್ಲಿ, ಒಂದು ವಸ್ತು ಚಲಿಸಿತು ಎಂದು ಹೇಳುವಾಗ ಯಾವ ಭಾಷೆ ಯಾವ ಅಂಶವನ್ನು ಕ್ರಿಯಾಪದದೊಳಗೆ ಇಡುತ್ತದೆ ಎಂಬುದನ್ನು ವಿಂಗಡಿಸಿದರು. ನಮ್ಮ ಕುಶಾಲನಗರದ ಕಾವೇರಿ ಸೇತುವೆಯ ಮೇಲೆ ನಿಂತು ನೋಡುತ್ತಿದ್ದೀರಿ ಎಂದುಕೊಳ್ಳಿ. ಹೊಳೆಯಲ್ಲಿ ಮರದ ದಿಮ್ಮಿಯೊಂದು ಬರುತ್ತಿದೆ. ಇಂಗ್ಲಿಷಿನವರು 'ದ ಲಾಗ್ ಫ್ಲೋಟೆಡ್ ಅಂಡರ್ ದ ಬ್ರಿಜ್' ಎನ್ನುತ್ತಾರೆ: ತೇಲಿತು ಎಂಬ ಬಗೆ ಕ್ರಿಯಾಪದದಲ್ಲಿದೆ, ಹಾದುಹೋದ ದಾರಿ ಹೊರಗಿನ ಪುಟ್ಟ ಪದದಲ್ಲಿದೆ. ಸ್ಪ್ಯಾನಿಷಿನವರು 'ಎಲ್ ತ್ರೊಂಕೊ ಪಸೊ ಫ್ಲೊತಾಂದೊ ಪೊರ್ ದೆಬಾಹೊ ದೆಲ್ ಪ್ವೆಂತೆ' ಎನ್ನುತ್ತಾರೆ: 'ಪಸೊ' ಎಂದರೆ ಹಾದುಹೋಯಿತು, 'ಫ್ಲೊತಾಂದೊ' ಎಂದರೆ ತೇಲುತ್ತಾ. ನಾವು 'ದಿಮ್ಮಿ ತೇಲಿಕೊಂಡು ಸೇತುವೆಯ ಕೆಳಗೆ ಹಾದುಹೋಯಿತು' ಎನ್ನುತ್ತೇವೆ. ಹಾಗೆಯೇ 'ಹಿ ರ್‍ಯಾನ್ ಔಟ್' ಎಂಬುದು 'ಸಲಿಯೊ ಕೊರ್‍ರಿಯೆಂದೊ', ಓಡುತ್ತಾ ಹೊರಬಿದ್ದ ಎಂದಾಗುತ್ತದೆ. ಹತ್ತು ಎಂಬುದಕ್ಕೆ 'ಸುಬಿರ್', ಇಳಿ ಎಂಬುದಕ್ಕೆ 'ಬಹಾರ್', ದಾಟು ಎಂಬುದಕ್ಕೆ 'ಕ್ರುಸಾರ್', ಹಿಂದಿರುಗು ಎಂಬುದಕ್ಕೆ 'ವೊಲ್ವೆರ್' ಇವೆ. ಗೋ ಅಪ್, ಗೋ ಡೌನ್, ಗೋ ಅಕ್ರಾಸ್, ಕಮ್ ಬ್ಯಾಕ್‌ಗಳ ಪಟ್ಟಿ ಇಲ್ಲಿ ಬೇಕಿಲ್ಲ.

ಈಗ ಆ ಐದು ಮಾತುಗಳಿಗೆ ಬರುತ್ತೇನೆ. ಮೊದಲನೆಯದು 'ಕಿತೆನ್ಸೆ ಲೊಸ್ ಸಪಾತೊಸ್'. ಇಂಗ್ಲಿಷಿನಂತೆ 'ನಿಮ್ಮ' ಎಂದು ಸೇರಿಸಬೇಕಾಗಿಲ್ಲ. ನಾವೂ 'ಚಪ್ಪಲಿ ಬಿಡಿ' ಎನ್ನುತ್ತೇವೆಯೇ ಹೊರತು ಯಾರ ಚಪ್ಪಲಿ ಎಂದು ಹೇಳುವುದಿಲ್ಲ. ಎರಡನೆಯದು 'ಸೆ ಫ್ವೆ ಲಾ ಲುಸ್'. ಪದಕ್ಕೆ ಪದ ಇಟ್ಟರೆ 'ಬೆಳಕು ಹೋಯಿತು', ಅಂದರೆ ನಮ್ಮ 'ಕರೆಂಟು ಹೋಯಿತು' ಎಂಬುದೇ. ಬಂದಾಗ 'ವೊಲ್ವಿಯೊ ಲಾ ಲುಸ್' ಎಂದರಾಯಿತು. ಮೂರನೆಯದು 'ಸೆ ನೊಸ್ ಅಕಬೊ ಲಾ ಲೆಚೆ'. ಇಂಗ್ಲಿಷಿನ 'ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್' ಎಂಬಲ್ಲಿ ಮನೆಯವರು ಕರ್ತೃ. ಸ್ಪ್ಯಾನಿಷಿನಲ್ಲಿ ಹಾಲು ಕರ್ತೃ, 'ನೊಸ್' ಎಂದರೆ ನಮಗೆ. ನಾಲ್ಕನೆಯದು ಗಂಡಸರಿಗಾದರೆ 'ಲೊ ರೆಕೊಹೊ', ಹೆಂಗಸರಿಗಾದರೆ 'ಲಾ ರೆಕೊಹೊ', ಅದಾದ ಮೇಲೆ 'ಎನ್ ಲಾ ಎಸ್ತಸಿಯೊನ್ ದೆ ಔತೊಬುಸೆಸ್'. ಐದನೆಯದು 'ಕುಯ್ದಾದೊ ಕೊನ್ ಲಾಸ್ ಸಂಗಿಹ್ವೇಲಾಸ್'; ಇಂಗ್ಲಿಷಿನ 'ವಾಚ್ ಔಟ್ ಫಾರ್' ಎಂಬಲ್ಲಿನ ನೋಡು ಎಂಬ ಕ್ರಿಯೆಯೇ ಇಲ್ಲಿ ಇಲ್ಲ, ಜೋಪಾನ ಎಂಬ ಅರ್ಥದ ನಾಮಪದ ಮಾತ್ರ ಇದೆ.

ಅಮ್ಮತ್ತಿ_ಓದುಗ

ಅನುವಾದಕಿಯವರ ಮಾತು ಕೇಳಲು ಚೆನ್ನಾಗಿದೆ, ಆದರೆ ಕನ್ನಡ ಅಷ್ಟು ಸರಳವಾಗಿ ಸ್ಪ್ಯಾನಿಷಿನ ಪಕ್ಷಕ್ಕೆ ಸೇರುತ್ತದೆಯೇ? ನಾವು 'ಒಳಗೆ ಬನ್ನಿ', 'ಹೊರಗೆ ಹೋಗಿ', 'ಮೇಲೆ ಇಡು', 'ಕೆಳಗೆ ಹಾಕು' ಎನ್ನುತ್ತೇವಲ್ಲ? ಇವು 'ಕಮ್ ಇನ್', 'ಗೋ ಔಟ್'ಗಳಿಗಿಂತ ಹೇಗೆ ಬೇರೆ? ನಮ್ಮ ಮನೆಯಲ್ಲಿ ಕೊಡವ ತಕ್ಕ್, ಪೇಟೆಯಲ್ಲಿ ಕನ್ನಡ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಮತ್ತೆ ಬೇರೆ ಭಾಷೆಗಳು ನಡೆಯುತ್ತವೆ. ಹೀಗೆ ನಾಲ್ಕಾರು ಭಾಷೆಗಳನ್ನು ಕಿವಿಗೆ ಹಾಕಿಕೊಂಡು ಬೆಳೆದವರಿಗೆ ಯಾವ ಎರಡು ಭಾಷೆಗಳೂ ಪೂರ್ತಿ ಒಂದೇ ಅಚ್ಚಿನವಲ್ಲ ಎಂಬುದು ಗೊತ್ತಿರುತ್ತದೆ.

ಕುಶಾಲನಗರ_ಅನುವಾದಕಿ

ಆಕ್ಷೇಪಣೆ ನ್ಯಾಯವಾದದ್ದು. ಒಳಗೆ, ಹೊರಗೆ ಎಂಬಲ್ಲಿ ಕನ್ನಡ ಇಂಗ್ಲಿಷಿನ ಕಡೆ ವಾಲುತ್ತದೆ, ಸ್ಪ್ಯಾನಿಷಿಗೆ 'ಎಂತ್ರಾರ್', 'ಸಲಿರ್' ಎಂಬ ಒಂಟಿ ಪದಗಳೇ ಸಾಕು. ನಾವು ಬಾ, ಹೋಗು ಎಂದು ಭೇದ ಮಾಡುವಲ್ಲಿ ಆ ಎರಡು ಪದಗಳು ಭೇದ ಮಾಡುವುದೂ ಇಲ್ಲ. ಬಾಗಿಲಲ್ಲಿ ನಿಂತ ಅತಿಥಿಗೆ 'ಪಾಸೆ' ಎಂದೋ 'ಅದೆಲಾಂತೆ' ಎಂದೋ ಹೇಳುವುದು ವಾಡಿಕೆ.

ಇನ್ನೊಂದು ಕಡೆಯೂ ಕನ್ನಡ ಕೈಕೊಡುತ್ತದೆ. ಕೋಣೆಯಿಂದ ಯಾರಾದರೂ ಕೂಗಿದರೆ ನಾವು 'ಬಂದೆ' ಎನ್ನುತ್ತೇವೆ, ಇಂಗ್ಲಿಷಿನವರೂ 'ಕಮಿಂಗ್' ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ 'ಯಾ ವೊಯ್', ಅಂದರೆ 'ಇದೋ ಹೋಗುತ್ತೇನೆ' ಎನ್ನಬೇಕು. ಮಾತನಾಡುವವನು ನಿಂತ ಜಾಗಕ್ಕೆ ಆಗುವ ಚಲನೆಗೆ ಮಾತ್ರ ಅಲ್ಲಿ 'ವೆನಿರ್' (ಬರು) ಸಲ್ಲುತ್ತದೆ. ತೆಗೆದುಕೊಂಡು ಬರುವುದಕ್ಕೆ 'ತ್ರಾಯೆರ್', ತೆಗೆದುಕೊಂಡು ಹೋಗುವುದಕ್ಕೆ 'ಯೆವಾರ್' ಎಂಬ ಜೋಡಿಗೂ ಇದೇ ನಿಯಮ. ಅತಿಥಿಯ ಕೋಣೆಗೆ ಕಾಫಿ ಒಯ್ಯುವಾಗ ಅಡುಗೆಮನೆಯಿಂದ 'ತರುತ್ತೇನೆ' ಎನ್ನುವಂತಿಲ್ಲ, 'ಒಯ್ಯುತ್ತೇನೆ' ಎಂದೇ ಹೇಳಬೇಕು.

ಹಾಗಿದ್ದರೂ ನನ್ನ ಮೂಲ ಅಭಿಪ್ರಾಯ ಬದಲಾಗಿಲ್ಲ. ಇಂಗ್ಲಿಷ್ ಕಲಿಯುವಾಗ 'ಲುಕ್ ಫಾರ್', 'ಲುಕ್ ಆ್ಯಟ್', 'ಲಿಸನ್ ಟು', 'ವೇಟ್ ಫಾರ್', 'ಆಸ್ಕ್ ಫಾರ್' ಎಂದು ಬಾಲ ಸಮೇತ ಕಲಿತಿದ್ದೇವಲ್ಲ, ಅವುಗಳಿಗೆ ಸ್ಪ್ಯಾನಿಷಿನಲ್ಲಿ 'ಬುಸ್ಕಾರ್', 'ಮಿರಾರ್', 'ಎಸ್ಕುಚಾರ್', 'ಎಸ್ಪೆರಾರ್', 'ಪೆದಿರ್' ಎಂಬ ಒಂಟಿ ಪದಗಳೇ ಇವೆ, ಕನ್ನಡದ ಹುಡುಕು, ನೋಡು, ಕೇಳು, ಕಾಯು, ಬೇಡು ಎಂಬುವುಗಳ ಹಾಗೆ. ಇದಕ್ಕಿಂತ ಸ್ವಾರಸ್ಯಕರವಾದದ್ದು ಮತ್ತೊಂದು ಇದೆ. 'ಕೆಲಸ ಹುಡುಕುತ್ತಿದ್ದೇನೆ' ಎಂಬುದು 'ಬುಸ್ಕೊ ತ್ರಬಾಹೊ', 'ಅಣ್ಣನನ್ನು ಹುಡುಕುತ್ತಿದ್ದೇನೆ' ಎಂಬುದು 'ಬುಸ್ಕೊ ಆ ಮಿ ಎರ್ಮಾನೊ'. ಕೆಲಸ ಎಂಬಲ್ಲಿ ನಾವು 'ಅನ್ನು' ಪ್ರತ್ಯಯವನ್ನು ಸಲೀಸಾಗಿ ಬಿಡುತ್ತೇವೆ. 'ಅಣ್ಣ ಹುಡುಕುತ್ತಿದ್ದೇನೆ' ಎಂದು ಯಾರೂ ಹೇಳುವುದಿಲ್ಲ. ಸ್ಪ್ಯಾನಿಷಿನ 'ಆ' ಕೂಡ ಇಂಥವರೆಂದು ಗೊತ್ತಿರುವ ಮನುಷ್ಯರ ಮುಂದೆ ಕಡ್ಡಾಯ, ವಸ್ತುಗಳ ಮುಂದೆ ಸಾಮಾನ್ಯವಾಗಿ ಬರುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ತಿಣುಕಾಡುವ ಈ ನಿಯಮ ಕನ್ನಡಿಗರ ನಾಲಿಗೆಯಲ್ಲಿ ಮೊದಲೇ ಕುಳಿತಿದೆ.

ಸೋಮವಾರಪೇಟೆ_ಕಾಫಿಕಣ

ನನ್ನದು ಬೇರೆ ಬಗೆಯ ಅಗತ್ಯ. ಕೊಲಂಬಿಯಾದ ಕಾಫಿ ಬೆಳೆಗಾರರಿಗಾಗಿ ಸ್ಪ್ಯಾನಿಷಿನಲ್ಲಿ ಬರುವ ತಾಂತ್ರಿಕ ಕೈಪಿಡಿಗಳನ್ನು ಮೊದಲು ಯಂತ್ರಾನುವಾದದ ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಈಗ ನೇರವಾಗಿ ಓದುತ್ತೇನೆ. ನೇರವಾಗಿ ಓದುವುದು ಹೆಚ್ಚು ಸುಲಭವೆಂದರೆ ನಂಬುತ್ತೀರಾ?

ಕಣದ ಕೆಲಸವನ್ನೇ ತೆಗೆದುಕೊಳ್ಳಿ. ಅರೇಬಿಕಾ ಹಣ್ಣನ್ನು ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ಹುದುಗಿಸಿ, ತೊಳೆದ ಮೇಲೆ ಪಾರ್ಚ್‌ಮೆಂಟನ್ನು, ಅಂದರೆ ಒಳಪೊರೆ ಇರುವ ಬೀಜವನ್ನು, ಬೆಳಿಗ್ಗೆ ಕಣದಲ್ಲಿ ತೆಳುವಾಗಿ ಹರಡುತ್ತೇವೆ, ಬಿಸಿಲೇರಿದಂತೆ ಹಲಗೆಯಿಂದ ಮತ್ತೆ ಮತ್ತೆ ತಿರುವಿ ಹಾಕುತ್ತೇವೆ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಇಂಗ್ಲಿಷಿನಲ್ಲಿ ಇದನ್ನೇ ಬರೆದರೆ ಸ್ಪ್ರೆಡ್ ಔಟ್, ಟರ್ನ್ ಓವರ್, ಹೀಪ್ ಅಪ್, ಕವರ್ ಅಪ್, ಡ್ರೈ ಔಟ್ ಎಂದು ಸಾಲಿಗೆ ಸಾಲು ಬಾಲಗಳು. ಸ್ಪ್ಯಾನಿಷಿನಲ್ಲಿ 'ಎಕ್ಸ್ತೆಂದೆರ್', 'ವೊಲ್ತೆಯಾರ್', 'ಅಮೊಂತೊನಾರ್', 'ತಪಾರ್', 'ಸೆಕಾರ್'. ಅಮೊಂತೊನಾರ್ ಎಂಬುದರ ಒಳಗೆ 'ಮೊಂತೊನ್' ಇದೆ, ಅಂದರೆ ಗುಡ್ಡೆ. ಗುಡ್ಡೆ ಹಾಕು ಎಂದು ನಾವು ಕ್ರಿಯಾಪದ ಕಟ್ಟಿದ ರೀತಿಗೆ ಹತ್ತಿರವಾಗಿದೆ. ಪಾರ್ಚ್‌ಮೆಂಟಿನ ತೇವಾಂಶ ಶೇಕಡಾ 10ಕ್ಕೆ ಇಳಿಯುವ ತನಕ ಒಣಗಿಸಬೇಕು ಎಂಬುದಕ್ಕೆ ಇಂಗ್ಲಿಷಿನ 'ಡ್ರೈ ಡೌನ್ ಟು' ಬೇಡ, 'ಸೆಕಾರ್ ಅಸ್ತಾ' ಎಂದರೆ ಮುಗಿಯಿತು. ಅಸ್ತಾ ಎಂದರೆ 'ವರೆಗೆ'.

'ಪಿಕ್' ಎಂಬ ಪದವೂ ಹೀಗೆಯೇ ಬಿಡಿಬಿಡಿಯಾಗುತ್ತದೆ. ಗಿಡದಿಂದ ಹಣ್ಣು ಕುಯ್ಯುವುದು 'ರೆಕೊಲೆಕ್ತಾರ್' ಅಥವಾ 'ಕೊಸೆಚಾರ್', ಕಾಯಿಕೊರಕದ ಹಾವಳಿ ತಡೆಯಲು ಬುಡದಲ್ಲಿ ಉದುರಿದ್ದನ್ನು ಹೆಕ್ಕುವುದು 'ರೆಕೊಹೆರ್', ಕೆಟ್ಟ ಬೀಜ ಆರಿಸಿ ತೆಗೆಯುವುದು 'ಎಸ್ಕೊಹೆರ್'. ಕುಯ್ಯುವುದು, ಹೆಕ್ಕುವುದು, ಆರಿಸುವುದು ಎಂದು ನಮಗೆ ಮೂರು ಪದಗಳಿದ್ದರೆ ಇಂಗ್ಲಿಷಿಗೆ ಪಿಕ್, ಪಿಕ್ ಅಪ್, ಪಿಕ್ ಔಟ್. ಕೆಲಸಗಾರರಿಗೆ ನಾನು ಹೇಳಿಕೊಡುವುದು ಕನ್ನಡದಲ್ಲಿ. ಸ್ಪ್ಯಾನಿಷ್ ಕೈಪಿಡಿಯನ್ನು ಇಂಗ್ಲಿಷಿನ ಮೂಲಕ ಸುತ್ತಿಸಿ ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಅವರ 'ಬೆನೆಫಿಸಿಯೊ' ಎಂಬುದನ್ನು ಲಾಭ ಎಂದು ಓದಿಬಿಟ್ಟೀರಿ. ಕಾಫಿಯ ಮಾತಿನಲ್ಲಿ ಅದು ಹಣ್ಣನ್ನು ಸಂಸ್ಕರಿಸುವ ಕೆಲಸ, ಅದು ನಡೆಯುವ ಜಾಗ.

ಸುಂಟಿಕೊಪ್ಪ_ಪಿಕಪ್

ಮೇಲಿನ 'ದೆಸ್ಪೆಗಾರ್' ಕುರಿತು ಒಂದು ಟಿಪ್ಪಣಿ. 'ಪೆಗಾರ್' ಎಂದರೆ ಅಂಟಿಸು, 'ದೆಸ್' ಸೇರಿದರೆ ಅಂಟು ಬಿಡಿಸು. ನೆಲಕ್ಕೆ ಅಂಟಿದ್ದ ವಿಮಾನ ಅಂಟು ಬಿಟ್ಟು ಮೇಲೇರಿತು ಎಂಬುದು ಅದರ ಹಿಂದಿನ ಕಲ್ಪನೆ. ಪ್ಲಗ್ ಸಿಕ್ಕಿಸುವುದು 'ಎಂಚುಫಾರ್', ಕೀಳುವುದು 'ದೆಸೆಂಚುಫಾರ್'. ಸರಕು ಹೇರುವುದು 'ಕರ್ಗಾರ್', ಇಳಿಸುವುದು 'ದೆಸ್ಕರ್ಗಾರ್', ಮೊಬೈಲಿನ ಡೌನ್‌ಲೋಡಿಗೂ ಅದೇ ಪದ. ಇಂಗ್ಲಿಷ್ ಹಿಂದೆ ಹಚ್ಚುವುದನ್ನು ಸ್ಪ್ಯಾನಿಷ್ ಎಷ್ಟೋ ಕಡೆ ಮುಂದೆ ಹಚ್ಚುತ್ತದೆ.

ಗೋಣಿಕೊಪ್ಪ_ಕಲಿಗಿತ್ತಿ

ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ ನಡೆಸುವ ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಬಿ1 (ಮಧ್ಯಮ) ಹಂತಕ್ಕೆ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ ಎರಡನೆಯ ಬಗೆ, ಅಂದರೆ 'ಈಟ್ ಅಪ್', 'ಡ್ರಿಂಕ್ ಅಪ್' ಮೊದಲಾದವುಗಳ ಬಗ್ಗೆ ಕೇಳಬೇಕಾಗಿದೆ. ಪುಸ್ತಕದಲ್ಲಿ ಇವುಗಳಿಗೆ 'ಕೊಮೆರ್ಸೆ', 'ಬೆಬೆರ್ಸೆ' ಎಂದು ಕೊಟ್ಟಿದ್ದಾರೆ. ಕೊನೆಯ 'ಸೆ' ಎಂಬುದು 'ತನ್ನನ್ನು ತಾನು' ಎಂಬ ಅರ್ಥದ್ದೆಂದು ಕಲಿತಿದ್ದೆ. ತನ್ನನ್ನು ತಾನೇ ತಿನ್ನುವುದು ಎಂದರೇನು? ನನಗೆ ತೋಚಿದ್ದು ಇಷ್ಟು: ಕನ್ನಡದ 'ತಿಂದುಬಿಟ್ಟ', 'ಕುಡಿದುಬಿಟ್ಟ' ಎಂಬುವುಗಳಲ್ಲಿನ 'ಬಿಡು' ಮಾಡುವ ಕೆಲಸವನ್ನೇ ಈ 'ಸೆ' ಮಾಡುತ್ತಿದೆಯೇ?

ಕುಶಾಲನಗರ_ಅನುವಾದಕಿ

ತಂಗಿ, ಬಹುಮಟ್ಟಿಗೆ ಹೌದು. 'ಸೆ ಕೊಮಿಯೊ ದೊಸೆ ಕಡಂಬುಟ್ಟುಸ್' ಎಂದರೆ ಹನ್ನೆರಡು ಕಡಂಬುಟ್ಟುಗಳನ್ನೂ ತಿಂದುಬಿಟ್ಟ ಎಂದು. ಇಲ್ಲಿ 'ಹನ್ನೆರಡು' ಎಂಬ ಲೆಕ್ಕವಿದೆಯಲ್ಲ, ಅದು ಮುಖ್ಯ. ತಿಂದದ್ದಕ್ಕೆ ಒಂದು ಅಳತೆಯೋ ಗುರುತೋ ಇದ್ದರೆ ಮಾತ್ರ ಈ 'ಸೆ' ಬರುತ್ತದೆ. 'ಅವನು ಹಂದಿಮಾಂಸ ತಿನ್ನುತ್ತಾನೆ' ಎಂದು ಸಾಮಾನ್ಯವಾಗಿ ಹೇಳುವಾಗ ಬರಿಯ 'ಕೊಮೆ ಸೆರ್ದೊ'. ಬಡಿಸಿದ ಪಂದಿಕರಿಯಷ್ಟನ್ನೂ ಖಾಲಿ ಮಾಡಿದ ಎಂದಾಗ 'ಸೆ ಕೊಮಿಯೊ ತೊದೊ ಎಲ್ ಪಂದಿಕರಿ'. ಬಿದ್ದುಬಿಟ್ಟ ಎಂಬುದಕ್ಕೆ 'ಸೆ ಕಯೊ', ನಿದ್ದೆ ಹೋಗಿಬಿಟ್ಟ ಎಂಬುದಕ್ಕೆ 'ಸೆ ದುರ್ಮಿಯೊ', ಹೊರಟುಹೋದ ಎಂಬುದಕ್ಕೆ 'ಸೆ ಫ್ವೆ' ಎನ್ನುವಾಗಲೂ ಇದೇ ಛಾಯೆ ಇರುತ್ತದೆ.

ಕನ್ನಡದ 'ಕೊಳ್ಳು' ಎಂಬುದಕ್ಕೂ ಈ 'ಸೆ'ಗೂ ಇರುವ ನಂಟು ಇನ್ನೂ ಹತ್ತಿರದ್ದು. ಹಾಕು, ಹಾಕಿಕೊ ಎಂಬ ಜೋಡಿಯಂತೆ 'ಪೊನೆರ್', 'ಪೊನೆರ್ಸೆ'. ಇಂಗ್ಲಿಷಿನ 'ಪುಟ್ ಆನ್' ಇದೇ. ಕೈ ತೊಳೆದುಕೊ ಎಂಬುದು 'ಲವಾರ್ಸೆ ಲಾಸ್ ಮಾನೊಸ್', ತಲೆ ಬಾಚಿಕೊ ಎಂಬುದು 'ಪೆಯ್ನಾರ್ಸೆ', ಕುಳಿತುಕೊ ಎಂಬುದು 'ಸೆಂತಾರ್ಸೆ', ಸಿಟ್ಟು ಮಾಡಿಕೊ ಎಂಬುದು 'ಎನೊಹಾರ್ಸೆ'. ಆದರೆ ಈ ಸೂತ್ರವನ್ನು ಕಣ್ಣು ಮುಚ್ಚಿ ಎಳೆಯಬೇಡಿ. 'ಕಿತಾರ್' ಎಂದರೆ ತೆಗೆ. ಹಾಗಾದರೆ 'ಕಿತಾರ್ಸೆ' ಎಂದರೆ ತೆಗೆದುಕೊ ಎಂದು ಲೆಕ್ಕ ಹಾಕಿದರೆ ಪೂರ್ತಿ ಉಲ್ಟಾ ಆಗುತ್ತದೆ. ಅದು ಮೈಮೇಲಿನದನ್ನು ಬಿಚ್ಚು, ಕಳಚು ಎಂಬ ಅರ್ಥದ್ದು. 'ಏಳು' ಎಂಬುದಕ್ಕೆ ನಮ್ಮಲ್ಲಿ ಕೊಳ್ಳು ಬೇಕಿಲ್ಲ, ಅವರಲ್ಲಿ 'ಲೆವಂತಾರ್ಸೆ' ಎಂದು 'ಸೆ' ಬೇಕು.

ಇದರ ಜೊತೆಗೆ 'ನನಗೆ' ಎಂಬುದನ್ನೂ ಗಮನಿಸಿ. 'ಸೆ ಮೆ ಒಲ್ವಿದೊ' ಎಂದರೆ ನನಗೆ ಮರೆತುಹೋಯಿತು. 'ಸೆ ಮೆ ಕಯೊ ಎಲ್ ವಾಸೊ' ಎಂದರೆ ನನ್ನ ಕೈಯಿಂದ ಲೋಟ ಜಾರಿ ಬಿತ್ತು; ಇಂಗ್ಲಿಷಿನವರು 'ಐ ಡ್ರಾಪ್ಡ್ ಇಟ್' ಎಂದು ತಪ್ಪನ್ನು ಮೈಮೇಲೆ ಎಳೆದುಕೊಳ್ಳುವಲ್ಲಿ ನಮಗೂ ಸ್ಪ್ಯಾನಿಷಿನವರಿಗೂ ಜಾರಿಕೊಳ್ಳಲು ವ್ಯಾಕರಣವೇ ದಾರಿ ಮಾಡಿಕೊಟ್ಟಿದೆ.

ವಿರಾಜಪೇಟೆ_ಮೇಷ್ಟ್ರು

ಚರ್ಚೆಯನ್ನು ಸಂತೋಷದಿಂದ ಓದಿದೆ. ಆದರೆ ಇಂಗ್ಲಿಷನ್ನು ಪೂರ್ತಿ ಹೊರಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಏಕೆಂದರೆ ಇಂಗ್ಲಿಷಿಗೆ ಎರಡು ಪದಕೋಶಗಳಿವೆ. ಪುಟ್ ಆಫ್ ಎಂಬುದಕ್ಕೆ ಪೋಸ್ಟ್‌ಪೋನ್, ಪುಟ್ ಅಪ್ ವಿತ್ ಎಂಬುದಕ್ಕೆ ಟಾಲರೇಟ್, ಗೋ ಇನ್ ಎಂಬುದಕ್ಕೆ ಎಂಟರ್, ಕೀಪ್ ಆನ್ ಎಂಬುದಕ್ಕೆ ಕಂಟಿನ್ಯೂ ಎಂಬ ಲ್ಯಾಟಿನ್ ಮೂಲದ ಜೊತೆಗಾರರಿದ್ದಾರೆ. 1066ರ ನಾರ್ಮನ್ ಆಕ್ರಮಣದ ತರುವಾಯ ಫ್ರೆಂಚಿನ ಮೂಲಕವೂ, ಮುಂದೆ ವಿದ್ವಾಂಸರ ಕೈಯಿಂದ ನೇರವಾಗಿಯೂ ಬಂದ ಪದಗಳಿವು. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳಾದ್ದರಿಂದ ಇವುಗಳ ಬಂಧುಗಳು ಅಲ್ಲಿ 'ಪೊಸ್ಪೊನೆರ್', 'ತೊಲೆರಾರ್', 'ಎಂತ್ರಾರ್', 'ಕೊಂತಿನ್ವಾರ್' ಎಂದು ಸಿಗುತ್ತವೆ. ನಾವು ಶಾಲೆಯಲ್ಲಿ ಮೊದಲು ಕಲಿತದ್ದು ಪುಸ್ತಕದ ಇಂಗ್ಲಿಷನ್ನೇ. ಪೋಸ್ಟ್‌ಪೋನ್ ಎಂಬ ಪದ ಗೊತ್ತಿರುವ ಮಕ್ಕಳಿಗೆ ಪುಟ್ ಆಫ್ ಗೊತ್ತಿರುವುದಿಲ್ಲ. ಅದನ್ನು ಕೊರತೆಯೆಂದು ಇಷ್ಟು ವರ್ಷ ತಿದ್ದುತ್ತಾ ಬಂದೆವು, ಸ್ಪ್ಯಾನಿಷಿಗೆ ಹೋಗುವಾಗ ಅದೇ ಬಂಡವಾಳವಾಗುತ್ತದೆ.

ಗುಂಡಿಗಳೂ ಇವೆ. ನಮ್ಮ ದೇಶದ ಇಂಗ್ಲಿಷಿನಲ್ಲಿ ಸಭೆಯನ್ನು 'ಪ್ರೀಪೋನ್' ಮಾಡುವ ರೂಢಿಯಿದೆ. ಅದನ್ನು ನೋಡಿ 'ಅಂತೆಪೊನೆರ್' ಎಂದರೆ ಒಂದಕ್ಕಿಂತ ಇನ್ನೊಂದಕ್ಕೆ ಹೆಚ್ಚಿನ ಮನ್ನಣೆ ಕೊಡುವುದು ಎಂದಾಗುತ್ತದೆ. ಸಭೆಯನ್ನು ಹಿಂದಿನ ದಿನಾಂಕಕ್ಕೆ ತರುವುದು 'ಅದೆಲಂತಾರ್'. 'ಸೊಪೊರ್ತಾರ್' ಎಂದರೆ ಬೆಂಬಲಿಸುವುದಲ್ಲ, ಸಹಿಸುವುದು; 'ಪುಟ್ ಅಪ್ ವಿತ್' ಎಂಬುದಕ್ಕೆ ಜನ ದಿನಬಳಕೆಯಲ್ಲಿ ಹೇಳುವುದು ಅದನ್ನೇ, ಇಲ್ಲವೇ 'ಅಗ್ವಾಂತಾರ್' ಎಂಬುದನ್ನು. 'ಪುಟ್ ಔಟ್' ಎಂಬುದನ್ನು ಎಕ್ಸ್‌ಟಿಂಗ್ವಿಶ್ ಎಂದುಕೊಂಡು ದೀಪ ಆರಿಸುವುದಕ್ಕೂ 'ಎಕ್ಸ್ತಿಂಗಿರ್' ಎಂದರೆ ಕಾಡ್ಗಿಚ್ಚು ನಂದಿಸಿದ ವರದಿಯಂತೆ ಕೇಳಿಸುತ್ತದೆ. ಮನೆಮಾತಿಗೆ 'ಅಪಗಾರ್' ಸಾಕು.

ಕುಶಾಲನಗರ_ಅನುವಾದಕಿ

ಮೇಷ್ಟ್ರೇ, ತಾವು ಹೇಳಿದ ಎರಡನೆಯ ಪದಕೋಶ ನಿಜಕ್ಕೂ ಉಪಯುಕ್ತ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದಕ್ಕೂ ಒಗ್ಗದ ಒಂದು ಗುಂಪನ್ನು ಮಾತ್ರ ಸೇರಿಸುತ್ತೇನೆ. 'ಗಿವ್ ಅಪ್ ಸ್ಮೋಕಿಂಗ್' ಎಂಬುದು 'ದೆಹಾರ್ ದೆ ಫುಮಾರ್', ಸೇದುವುದನ್ನು ಬಿಡು. 'ಕೀಪ್ ಆನ್' ಎಂಬುದಕ್ಕೆ 'ಸೆಗಿರ್' ಜೊತೆಗೆ -ಆಂದೊ, -ಯೆಂದೊ ರೂಪ: 'ಸಿಗೆ ಯೊವಿಯೆಂದೊ' ಎಂದರೆ ಮಳೆ ಹೊಯ್ಯುತ್ತಲೇ ಇದೆ. ಕೊಡಗಿನಲ್ಲಿ ಜೂನಿನಿಂದ ಮುಂದಕ್ಕೆ ಇದೊಂದು ವಾಕ್ಯ ಬಂದರೂ ಅತಿಥಿಗಳೊಡನೆ ಅರ್ಧ ದಿನ ಕಳೆಯಬಹುದು. ಈ ರಚನೆಗಳಲ್ಲಿ ಎರಡು ಕ್ರಿಯಾಪದಗಳು ಕೈಹಿಡಿದು ಬರುತ್ತವೆ, ನಮ್ಮ ಮಾಡುತ್ತಾ ಇರು, ಮಾಡುವುದನ್ನು ಬಿಡು ಎಂಬುವುಗಳಂತೆ.

ಪದದ ಆಯ್ಕೆಯಲ್ಲಿ ದೇಶವನ್ನೂ ನೋಡಬೇಕು. ಸ್ಪ್ಯಾನಿಷ್ 20 ಸ್ವತಂತ್ರ ದೇಶಗಳ ಅಧಿಕೃತ ಭಾಷೆ. ದೀಪ ಹಾಕುವುದಕ್ಕೆ ಸ್ಪೇನಿನಲ್ಲಿ 'ಎನ್ಸೆಂದೆರ್', ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ 'ಪ್ರೆಂದೆರ್'. ಗಾಡಿ ಕೆಟ್ಟು ನಿಲ್ಲುವುದಕ್ಕೆ ಸ್ಪೇನಿನಲ್ಲಿ 'ಅವೆರಿಯಾರ್ಸೆ', ಮೆಕ್ಸಿಕೊದಲ್ಲಿ 'ದೆಸ್ಕೊಂಪೊನೆರ್ಸೆ'. ಸ್ಪೇನಿನವರು ಬಸ್ಸು ಹಿಡಿಯುವುದಕ್ಕೆ ಸಹಜವಾಗಿ ಬಳಸುವ 'ಕೊಹೆರ್' ಎಂಬುದು ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ ಪದ. ಅಲ್ಲಿನವರ ಮುಂದೆ 'ತೊಮಾರ್' ಎನ್ನಿ.

ನಾಪೋಕ್ಲು_ಹೋಂಸ್ಟೇ

ಎಲ್ಲರಿಗೂ ಕೃತಜ್ಞತೆಗಳು. ಬಾಯಿಪಾಠದ ಪಟ್ಟಿಯನ್ನು ಬದಿಗಿಟ್ಟು, ಕನ್ನಡದಿಂದಲೇ ಹೊರಟು ಅತಿಥಿಗಳಿಗಾಗಿ ಒಂದು ಸೂಚನಾ ಫಲಕ ಬರೆದಿದ್ದೇನೆ, ದಯವಿಟ್ಟು ನೋಡಿ.

ಕಿತೆನ್ಸೆ ಲೊಸ್ ಸಪಾತೊಸ್ ಆಂತೆಸ್ ದೆ ಎಂತ್ರಾರ್.
ಅಪಾಗೆನ್ ಲಾಸ್ ಲುಸೆಸ್ ಅಲ್ ಸಲಿರ್.
ಅಪಾಗೆನ್ ಬಿಯೆನ್ ಲಾ ಫೊಗಾತಾ ಆಂತೆಸ್ ದೆ ಅಕೊಸ್ತಾರ್ಸೆ.
ದೆ ನೊಚೆ ನೊ ಸಾಲ್ಗನ್ ದೆ ಲಾ ಕಾಸಾ: ಆಯ್ ಎಲೆಫಾಂತೆಸ್.

ಬೂಟು ಬಿಚ್ಚಿ ಒಳಗೆ ಬನ್ನಿ, ಹೊರಡುವಾಗ ದೀಪ ಆರಿಸಿ, ಮಲಗುವ ಮುನ್ನ ಕ್ಯಾಂಪ್‌ಫೈರನ್ನು ಪೂರ್ತಿ ನಂದಿಸಿ, ರಾತ್ರಿ ಮನೆಯಿಂದ ಹೊರಗೆ ಹೋಗಬೇಡಿ, ಆನೆಗಳಿವೆ ಎಂಬುದು ನನ್ನ ಉದ್ದೇಶ. ಹಗಲಿನಲ್ಲಿಯೂ ತೋಟಕ್ಕೆ ಆನೆ ಇಳಿಯುವುದುಂಟು. 'ಕೀಪ್ ಅವೇ ಫ್ರಂ ದ ಎಲಿಫೆಂಟ್ಸ್' ಎಂಬುದನ್ನು ಹೇಗೆ ಬರೆಯಲಿ? 'ಸಿಟ್ಟಿನಿಂದ ಅಟ್ಟಿಸಿಕೊಂಡು ಬರುತ್ತವೆ' ಎಂದೂ ಸೇರಿಸಬೇಕೇ?

ಕುಶಾಲನಗರ_ಅನುವಾದಕಿ

ಫಲಕ ಸರಿಯಾಗಿದೆ. ಎಲ್ಲ ಕಡೆ 'ಉಸ್ತೆದೆಸ್' (ನೀವು) ರೂಪ ಬಳಸಿರುವುದರಿಂದ ನಮ್ಮ ಬಹುವಚನದ ಗೌರವವೂ ಉಳಿದಿದೆ, ಸ್ಪೇನಿನವರಿಗೂ ಮೆಕ್ಸಿಕೊದವರಿಗೂ ಒಪ್ಪುತ್ತದೆ.

ಆನೆಯ ಮಾತಿಗೆ ಕನ್ನಡದಲ್ಲಿ ನೀವೇನು ಹೇಳುತ್ತೀರೋ ಅದನ್ನೇ ಬರೆಯಿರಿ. 'ಆನೆಗಳಿಂದ ದೂರವನ್ನು ಕಾಯ್ದುಕೊಳ್ಳಿ' ಎಂದು ಯಾರು ಹೇಳುತ್ತಾರೆ? 'ಆನೆಗಳ ಹತ್ತಿರ ಹೋಗಬೇಡಿ' ಎನ್ನುತ್ತೇವೆ: 'ನೊ ಸೆ ಅಸೆರ್ಕೆನ್ ಆ ಲೊಸ್ ಎಲೆಫಾಂತೆಸ್'. 'ಮಂತೆಂಗನ್ಸೆ ಲೆಹೊಸ್' (ದೂರವಿರಿ) ಎಂದೂ ಬರೆಯಬಹುದು, ವ್ಯಾಕರಣದ ತಪ್ಪಿಲ್ಲ, ಆದರೆ ಗಾಬರಿಯಲ್ಲಿ ಓದುವವರಿಗೆ ಮೊದಲನೆಯದು ಬೇಗ ತಲೆಗೆ ಹೋಗುತ್ತದೆ. ಅಟ್ಟಿಸಿಕೊಂಡು ಬರುವ ವಿಷಯ ಫಲಕದಲ್ಲಿ ಬೇಡ, ಬಾಯಲ್ಲಿ ಹೇಳಿ.

'ಸೆ' ಕೂರುವ ಜಾಗವನ್ನು ಮಾತ್ರ ಗಮನಿಸಿ. 'ಕಿತೆನ್ಸೆ' ಎಂದು ಮಾಡಿರಿ ಎನ್ನುವಾಗ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, 'ನೊ ಸೆ ಅಸೆರ್ಕೆನ್' ಎಂದು ಬೇಡ ಎನ್ನುವಾಗ ಬಿಡಿಯಾಗಿ ಮುಂದೆ ಬರುತ್ತದೆ. ಗೀಸರ್ ಆರಿಸಿ ಎಂಬುದನ್ನು ಸೇರಿಸುವುದಾದರೆ 'ಅಪಾಗೆನ್ಲೊ', ಆರಿಸಬೇಡಿ ಎನ್ನುವುದಾದರೆ 'ನೊ ಲೊ ಅಪಾಗೆನ್'.